ಊರೊಳಗೆ ತಣ್ಣಗಿರುವ ಹಳೆಯ ಝೆನ್ ಹೈವೇಯಲ್ಲಿ ಬಿಸಿಯಾಗುತ್ತಿದೆ: ಹೆಡ್ ಬಿಚ್ಚಿಸಬೇಕೆ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1998ರ, ಕಾರ್ಬ್ಯುರೇಟರ್ ಇರುವ ಮಾರುತಿ ಝೆನ್ ಇದೆ. ತಂದೆಯವರು ಕೊಂಡ ಗಾಡಿಯಾದ್ದರಿಂದ ಮಾರುವ ಯೋಚನೆಯಿಲ್ಲ. ವಾರಕ್ಕೊಮ್ಮೆ ಜಗಳೂರು ಕಡೆಯ ನಮ್ಮ ಹೊಲಕ್ಕೆ ಹೋಗಿಬರಲು ಮತ್ತು ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋಗಲು ಇದನ್ನೇ ಬಳಸುತ್ತೇನೆ.

ತೊಂದರೆ ಹೀಗಿದೆ. ದಾವಣಗೆರೆಯ ಒಳಗೆ, ಪಿ.ಬಿ. ರಸ್ತೆಯಲ್ಲಾಗಲಿ ಗಾಂಧಿ ವೃತ್ತದ ದಟ್ಟಣೆಯಲ್ಲಾಗಲಿ ಎಷ್ಟು ಹೊತ್ತು ನಿಂತರೂ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಕೆಳಗೇ ಇರುತ್ತದೆ. ಹೈವೇ ಹತ್ತಿ ಎಂಬತ್ತರ ವೇಗದಲ್ಲಿ ಕಾಲು ಗಂಟೆ ಓಡಿಸಿದರೆ ಏರಲು ಶುರುವಾಗುತ್ತದೆ. ಹೆಬ್ಬಾಳು ಟೋಲ್‌ನಲ್ಲಿ ನಿಧಾನಿಸಿ ನಿಂತಾಗ ಸ್ವಲ್ಪ ಇಳಿದಂತೆ ಕಂಡರೂ ಭರಮಸಾಗರ ದಾಟುವಷ್ಟರಲ್ಲಿ ಮತ್ತೆ ಕೆಂಪು ಗೆರೆಯ ಹತ್ತಿರ ಬಂದಿರುತ್ತದೆ. ಕಳೆದ ವಾರ ರಿಸರ್ವ್ ಟ್ಯಾಂಕಿನಿಂದ ನೀರು ಉಕ್ಕಿ ಬಾನೆಟ್ ಅಡಿಯೆಲ್ಲ ಹಬೆ ತುಂಬಿತು.

ಡಿಸೆಂಬರಿನಲ್ಲಿ ಮೊದಲ ಬಾರಿ ಹೀಗಾದಾಗ ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ತೆಗೆದುಹಾಕಿದರು, ಆಗ ಸರಿಹೋಯಿತು. ಮಾರ್ಚ್ ಕೊನೆಯಲ್ಲಿ ಮತ್ತೆ ಶುರುವಾದ ಮೇಲೆ ರೇಡಿಯೇಟರ್ ಕ್ಯಾಪ್ ಮತ್ತು ವಾಟರ್ ಬಾಡಿ (ನೀರಿನ ಪಂಪ್) ಎರಡನ್ನೂ ಬದಲಾಯಿಸಿದ್ದಾಯಿತು, ಪ್ರಯೋಜನವಾಗಲಿಲ್ಲ. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್) ಹೋಗಿರಬೇಕು, ಬಿಚ್ಚಿ ಫೇಸಿಂಗ್ ಮಾಡಿಸಿ (ಹೆಡ್‌ನ ಮೇಲ್ಮೈ ಸಮ ಮಾಡಿಸಿ) ಕೂರಿಸೋಣ, ಹದಿನೈದು ಸಾವಿರದವರೆಗೆ ಆಗಬಹುದು ಎನ್ನುತ್ತಿದ್ದಾರೆ. ನೀರು ಕಡಿಮೆಯಾದಾಗ ಮನೆಯ ಬೋರ್ ನೀರನ್ನೇ ಹಾಕುತ್ತ ಬಂದಿದ್ದೇನೆ. ಎಂಜಿನ್ ಆಯಿಲ್ ಬಣ್ಣ ಕೆಟ್ಟಿಲ್ಲ. ಹೆಡ್ ಬಿಚ್ಚಿಸುವ ಮುನ್ನ ನಾನೇ ನೋಡಬಹುದಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರದುರ್ಗದಿಂದ, ಗ್ಯಾರೇಜ್ ನಡೆಸುವವರು)

ನಮಸ್ಕಾರ ಸರ್. ಸದ್ಯಕ್ಕೆ ಹೆಡ್ ಬಿಚ್ಚಿಸಬೇಡಿ. ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಟೋಲ್‌ನಲ್ಲಿ ನಿಂತಾಗ ಮುಳ್ಳು ಇಳಿಯುತ್ತದೆ ಎಂಬ ಮಾತು. ಗಾಡಿ ಯಾವಾಗ ಬಿಸಿಯಾಗುತ್ತದೆ, ಯಾವಾಗ ತಣ್ಣಗಾಗುತ್ತದೆ ಎಂಬುದನ್ನು ಕೇಳಿಕೊಂಡರೆ ಸ್ಪಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ದಟ್ಟಣೆಯಲ್ಲಿ ಬಿಸಿಯಾಗಿ ಓಡಿಸಿದಾಗ ಇಳಿದರೆ ಫ್ಯಾನ್ ಕಡೆ ನೋಡಬೇಕು: ಮೋಟರ್, ಫ್ಯೂಸ್, ರಿಲೇ, ಥರ್ಮೋಸ್ವಿಚ್, ಅಥವಾ ಯಾರಾದರೂ ವೈರ್ ಅದಲು ಬದಲು ಮಾಡಿ ಫ್ಯಾನ್ ಉಲ್ಟಾ ತಿರುಗುವಂತೆ ಮಾಡಿರಬಹುದು. ನಿಮ್ಮ ಗಾಡಿಯ ಲಕ್ಷಣ ಇದಕ್ಕೆ ತದ್ವಿರುದ್ಧವಾಗಿದೆ. ವೇಗದಲ್ಲಿ ಓಡುವಾಗ ಎಂಜಿನ್ ಹೊರಹಾಕುವ ಶಾಖ ಐಡ್ಲಿಂಗ್‌ನಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಅಷ್ಟು ಶಾಖವನ್ನು ಹೊತ್ತು ಹೊರಗೆ ಬಿಡುವಷ್ಟು ನೀರು ರೇಡಿಯೇಟರಿನ ಒಳಗೆ ಹರಿಯುತ್ತಿಲ್ಲ, ಇಲ್ಲವೇ ಅಷ್ಟು ಗಾಳಿ ಅದರ ಮೂಲಕ ಹಾಯುತ್ತಿಲ್ಲ. ಈ ಎರಡರಲ್ಲಿ ಒಂದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಮನಸ್ಸಿನ ಅನುಮಾನ ಹೋಗಲೆಂದು ಮೊದಲು ಗ್ಯಾಸ್ಕೆಟ್ ನೋಡಿಬಿಡಿ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು, ನೀರು ಬಾಯಿಯ ಮಟ್ಟಕ್ಕೆ ಇದೆಯೆಂದು ನೋಡಿಕೊಂಡು, ಗಾಡಿ ಸ್ಟಾರ್ಟ್ ಮಾಡಿ. ಮೊದಲಿಗೆ ಒಳಗೆ ಸಿಕ್ಕಿಕೊಂಡ ಗಾಳಿಯ ನಾಲ್ಕಾರು ಗುಳ್ಳೆಗಳು ಬರುವುದು ಸಹಜ. ಆದರೆ ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ, ಆಕ್ಸಿಲರೇಟರ್ ಒತ್ತಿದಂತೆಲ್ಲ ಹೆಚ್ಚಾದರೆ ಅದು ಸಿಲಿಂಡರಿನಿಂದ ನುಗ್ಗುವ ಹೊಗೆ. ಇನ್ನೊಂದು ದಿನ ಕ್ಯಾಪ್ ಹಾಕಿಯೇ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪನ್ನು ಹಿಸುಕಿ ನೋಡಿ. ನೀರು ಇನ್ನೂ ಬಿಸಿಯಾಗುವ ಮುನ್ನ, ಒಂದೆರಡು ನಿಮಿಷದಲ್ಲೇ ಪೈಪ್ ಕಲ್ಲಿನಂತೆ ಬಿಗಿದರೆ ಮೆಕ್ಯಾನಿಕ್ ಹೇಳಿದ್ದು ಸರಿ. ಹಾಗೇನೂ ಆಗದೆ, ಆಯಿಲ್ ಕ್ಯಾಪಿನ ಒಳಗೆ ಹಾಲಿನ ಕೆನೆಯಂಥದ್ದು ಕಾಣದೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರದೆ ಇದ್ದರೆ ಹೆಡ್‌ಗೆ ಕೈ ಹಾಕುವ ಕಾರಣವೇ ಇಲ್ಲ.

ಈಗ ಗಾಳಿಯ ವಿಷಯಕ್ಕೆ ಬರುತ್ತೇನೆ. ನೀವು ಜಗಳೂರು ಕಡೆಯ ಹೊಲಕ್ಕೆ ಹೋಗುತ್ತೀರಿ ಎಂದಿದ್ದೀರಿ. ಸುಗ್ಗಿಯಲ್ಲಿ ಆ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ, ಮೆಕ್ಕೆಜೋಳ ಒಣಹಾಕಿರುತ್ತಾರೆ; ಅದರ ಮೇಲೆಯೇ ನಾವು ಗಾಡಿ ಓಡಿಸುತ್ತೇವೆ. ಆಗ ಏಳುವ ಹೊಟ್ಟು, ದೂಳು, ಹುಲ್ಲಿನ ಎಳೆಗಳೆಲ್ಲ ಎಲ್ಲಿಗೆ ಹೋಗುತ್ತವೆ? ಗ್ರಿಲ್ ಮೂಲಕ ನುಗ್ಗಿ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಎರಡು ಬೆರಳಿನ ಸಂದಿಯಲ್ಲಿ ಕೂತುಬಿಡುತ್ತವೆ. ಮುಂದಿನಿಂದ ಬಗ್ಗಿ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿ ಕಾಣುತ್ತದೆ, ಹಿಂದಿನಿಂದ ನೋಡಿದರೆ ಫ್ಯಾನ್ ಅಡ್ಡವಿರುತ್ತದೆ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ವರ್ಷ ಬೇಸಿಗೆ ಶುರುವಾದ ಕೂಡಲೇ ಇಂಥ ಗಾಡಿಗಳು ನನ್ನ ಗ್ಯಾರೇಜಿಗೆ ಬರುತ್ತವೆ. ಚಳಿಗಾಲದಲ್ಲಿ ಹೊಟ್ಟು ತುಂಬಿಕೊಳ್ಳುತ್ತದೆ, ಬಿಸಿಲು ಏರಿದಾಗ ತೊಂದರೆ ಹೊರಗೆ ಬೀಳುತ್ತದೆ. ನಿಮ್ಮ ತಿಂಗಳ ಲೆಕ್ಕಕ್ಕೂ ಇದು ಹೊಂದುತ್ತದೆ. ರಾತ್ರಿ ಹಿಂಬದಿಯಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಬೆಳಕು ಹಾಯದ ಕಡೆ ಗಾಳಿಯೂ ಹಾಯುವುದಿಲ್ಲ.

ನೀರಿನ ಕಡೆಗೆ ಬಂದರೆ, ಎಂಜಿನ್ ಚಾಲೂ ಇರುವಾಗ ಸಹಾಯಕ್ಕೆ ಒಬ್ಬರನ್ನು ಕೂರಿಸಿ ಮೂರು ಸಾವಿರ ಆರ್‌ಪಿಎಂ ತನಕ ಏರಿಸಿ ಕೆಳಗಿನ ಹೋಸ್ ಪೈಪನ್ನು ನೋಡಿ. ಹಳೆಯ ರಬ್ಬರ್ ಮೆತ್ತಗಾಗಿದ್ದರೆ ಪಂಪಿನ ಎಳೆತಕ್ಕೆ ಒಳಗೆ ಚಪ್ಪಟೆಯಾಗುತ್ತದೆ. ಬೆಲ್ಟ್ ಸಡಿಲವಾಗಿ ಜಾರುತ್ತಿಲ್ಲವೇ, ಡಿಸ್ಟ್ರಿಬ್ಯೂಟರ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಸಮಯ) ತಡವಾಗಿಲ್ಲವೇ, ಯಾವುದಾದರೂ ಚಕ್ರದ ಬ್ರೇಕ್ ಹಿಡಿದುಕೊಂಡಿಲ್ಲವೇ ಎಂಬುದನ್ನೂ ನೋಡಿಸಿ.

ಉತ್ತರ 2 (ದಾವಣಗೆರೆಯಿಂದ, ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡುವವರು)

ಮೇಲಿನವರು ಹೇಳಿದ ಕ್ರಮವನ್ನೇ ನಾನೂ ಒಪ್ಪುತ್ತೇನೆ. ಆದರೆ ಥರ್ಮೋಸ್ಟಾಟ್ ಮತ್ತು ಬೋರ್ ನೀರಿನ ಬಗ್ಗೆ ಅವರು ಏನೂ ಹೇಳದೆ ಬಿಟ್ಟದ್ದನ್ನು ಸೇರಿಸಬೇಕಾಗಿದೆ.

ಥರ್ಮೋಸ್ಟಾಟ್ ತೆಗೆದಾಗ ಸರಿಹೋಯಿತು ಎಂಬುದು ನಿಮ್ಮನ್ನು ದಾರಿ ತಪ್ಪಿಸಿದೆ. ವಾಲ್ವ್ ಇಲ್ಲದ ಎಂಜಿನ್‌ನಲ್ಲಿ ನೀರು ತಡೆಯಿಲ್ಲದೆ ಸುತ್ತುವುದರಿಂದ, ಡಿಸೆಂಬರ್ ಜನವರಿಯ ತಂಪಿನಲ್ಲಿ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಕೂಡ ಹೇಗೋ ನಿಭಾಯಿಸಿದೆ. ಕಾಯಿಲೆ ಹಾಗೆಯೇ ಉಳಿದು, ಅದರ ಲಕ್ಷಣ ಮಾತ್ರ ಮರೆಯಾಯಿತು. ಜೊತೆಗೆ ಎಂಜಿನ್ ಬೇಗ ಕಾಯದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲಿನಲ್ಲಿ ತೇವ ಉಳಿಯುತ್ತದೆ, ಸವೆತ ಹೆಚ್ಚುತ್ತದೆ. ಹೊಸ ವಾಲ್ವ್ ತಂದು, ಹಾಕುವ ಮೊದಲು ಮನೆಯಲ್ಲೇ ಪರೀಕ್ಷಿಸಿ: ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ತಾಗದಂತೆ ವಾಲ್ವನ್ನು ದಾರದಲ್ಲಿ ಇಳಿಬಿಟ್ಟು ಕಾಯಿಸಿದರೆ, ಅದರ ಮೇಲೆ ಅಚ್ಚಾದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು.

ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹಳಷ್ಟು ಕೊಳವೆಬಾವಿಗಳ ನೀರು ಗಡಸು. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಮನೆಮನೆಯಲ್ಲಿ ನೋಡುತ್ತೇವೆ. ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ನಿನ ನೀರಿನ ಕೋಣೆಗಳಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಸಮಪಾಲು ಕೂಲೆಂಟ್ ಬೆರೆಸಿ ಹಾಕಿ. ಕೂಲೆಂಟ್ ಅಂದರೆ ಹಸಿರು ಬಣ್ಣವಷ್ಟೇ ಅಲ್ಲ, ಅಲ್ಯೂಮಿನಿಯಂ ಹೆಡ್ ತುಕ್ಕು ಹಿಡಿಯದಂತೆ ಕಾಯುವ ರಾಸಾಯನಿಕಗಳು ಅದರಲ್ಲಿವೆ. ಹಾಗೆಂದು ಬರೀ ಕೂಲೆಂಟ್ ಸುರಿಯಬಾರದು. ಶಾಖವನ್ನು ಹೊರುವ ಶಕ್ತಿ ನೀರಿಗೇ ಹೆಚ್ಚು.

ಹೊಸ ಕ್ಯಾಪಿನ ಮೇಲಿನ ಒತ್ತಡದ ಅಂಕಿಯನ್ನೂ ಹಳೆಯದರ ಜೊತೆ ಹೋಲಿಸಿ ನೋಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. 0.9 ಎಂದು ಬರೆದಿರುವ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸೀಳಿದ್ದರೆ ಎಂಜಿನ್ ಚೆನ್ನಾಗಿದ್ದೂ ನೀರು ಉಕ್ಕುತ್ತದೆ.

ಉತ್ತರ 3 (ಹಿರಿಯೂರಿನಿಂದ)

ಪರೀಕ್ಷೆ ಮುಗಿಯುವವರೆಗೆ ಹೈವೇಯಲ್ಲಿ ಓಡಿಸಲೇಬೇಕಾದರೆ ಒಂದು ಮಾತು. ಮುಳ್ಳು ಏರಿದ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿ, ಕಿಟಕಿ ಇಳಿಸಿಕೊಂಡು ನಿಧಾನವಾಗಿ ಪಕ್ಕಕ್ಕೆ ಬನ್ನಿ. ಕೆಂಪು ತಲುಪಿದರೆ ಎಂಜಿನ್ ನಿಲ್ಲಿಸಿ. ಮುಕ್ಕಾಲು ಗಂಟೆಯಾದರೂ ಕಾಯದೆ ಕ್ಯಾಪ್ ಮುಟ್ಟಬೇಡಿ, ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ. ನನ್ನ ತಮ್ಮ ಅವಸರಪಟ್ಟು ಕ್ಯಾಪ್ ತಿರುಗಿಸಿ ಮುಂಗೈ ಸುಟ್ಟುಕೊಂಡ, ಕಲೆ ಇನ್ನೂ ಹೋಗಿಲ್ಲ.

ಪ್ರಶ್ನೆ ಕೇಳಿದವರು (ಹತ್ತು ದಿನಗಳ ನಂತರ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಗುಳ್ಳೆಯ ಪರೀಕ್ಷೆ, ಹೋಸ್ ಹಿಸುಕುವ ಪರೀಕ್ಷೆ ಎರಡನ್ನೂ ಮಾಡಿದೆ. ಗುಳ್ಳೆಗಳು ಅರ್ಧ ನಿಮಿಷದಲ್ಲಿ ನಿಂತವು, ಪೈಪ್ ಮೆತ್ತಗೇ ಇತ್ತು. ರಾತ್ರಿ ಟಾರ್ಚ್ ಹಿಡಿದರೆ ಮೇಲಿನ ನಾಲ್ಕು ಬೆರಳಿನಷ್ಟು ಪಟ್ಟಿಯಲ್ಲಿ ಮಾತ್ರ ಬೆಳಕು ಕಂಡಿತು.

ಭಾನುವಾರ ಬಂಪರ್ ಇಳಿಸಿ, ರೇಡಿಯೇಟರಿನ ಮೇಲಿನ ಬೋಲ್ಟ್‌ಗಳನ್ನು ಸಡಿಲಿಸಿ ಹಿಂದಕ್ಕೆ ವಾಲಿಸಿದಾಗ ಕಂಡದ್ದು ಕಂಬಳಿಯಂತೆ ಒತ್ತಾಗಿ ಹೆಣೆದುಕೊಂಡ ಒಂದು ಪದರ. ಬೆರಳಿನಿಂದ ಅಂಚು ಹಿಡಿದು ಎಳೆದರೆ ಚಾಪೆ ಸುತ್ತಿದಂತೆ ಇಡಿಯಾಗಿಯೇ ಎದ್ದು ಬಂತು. ರಾಗಿ ಹೊಟ್ಟು, ಜೋಳದ ರವದಿ, ಸತ್ತ ಹುಳುಗಳು, ಎಣ್ಣೆ ಮೆತ್ತಿದ ಕೆಂಪು ದೂಳು ಎಲ್ಲವೂ ಅದರಲ್ಲಿದ್ದವು. ಕೊಡವಿದಾಗ ಒಂದು ಹಿಡಿ ರಾಗಿ ಕಾಳು ಅಂಗಳದಲ್ಲಿ ಉದುರಿತು. ಉಳಿದದ್ದನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಫಿನ್ (ರೇಡಿಯೇಟರಿನ ತೆಳು ತಗಡುಗಳು) ಮಡಚದಂತೆ ಸಣ್ಣ ಒತ್ತಡದ ನೀರಿನಲ್ಲಿ ತೊಳೆದೆ. ಹೊಸ ಥರ್ಮೋಸ್ಟಾಟ್ ಹಾಕಿಸಿ, ಮೂರು ಸಲ ಡಿಸ್ಟಿಲ್ಡ್ ವಾಟರ್ ಬಿಟ್ಟು ಖಾಲಿ ಮಾಡಿ ಕೂಲೆಂಟ್ ತುಂಬಿಸಿದೆ.

ಶುಕ್ರವಾರ ಮಧ್ಯಾಹ್ನದ ಬಿಸಿಲಿನಲ್ಲಿ ಚಿತ್ರದುರ್ಗಕ್ಕೆ ಹೋಗಿಬಂದೆ. ಎಸಿ ಇಲ್ಲದೆ ಹೋಗುವಾಗ ಮುಳ್ಳು ಅರ್ಧದಿಂದ ಕದಲಲಿಲ್ಲ. ಎಸಿ ಹಾಕಿಕೊಂಡು ಬರುವಾಗ ಭರಮಸಾಗರದ ಹತ್ತಿರ ಅರ್ಧಕ್ಕಿಂತ ಒಂದು ಗೆರೆ ಮೇಲೆ ಹೋಗಿ ಅಲ್ಲೇ ನಿಂತಿತು. ಮನೆಗೆ ಬಂದು ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದರೆ ರೇಡಿಯೇಟರಿನ ಎಡಗಡೆ ಕೆಳಗಿನ ಮೂಲೆ ಉಳಿದ ಕಡೆಗಿಂತ ತುಂಬ ತಣ್ಣಗಿದೆ. ಬೋರ್ ನೀರಿನ ಸುಣ್ಣದಿಂದ ಅಲ್ಲಿನ ಕೊಳವೆಗಳು ಕಟ್ಟಿಕೊಂಡಿವೆ ಎಂದು ಭಾವಿಸಿದ್ದೇನೆ, ಸರಿಯೇ?

ಉತ್ತರ 1 (ಚಿತ್ರದುರ್ಗದಿಂದ)

ಸರಿಯಾಗಿಯೇ ಗುರುತಿಸಿದ್ದೀರಿ ಸರ್. ತಾಮ್ರ ಹಿತ್ತಾಳೆಯ ರೇಡಿಯೇಟರ್ ಆಗಿದ್ದರೆ ಟ್ಯಾಂಕ್ ಬಿಚ್ಚಿ, ಕಡ್ಡಿ ಹಾಯಿಸಿ ಕೊಳವೆ ಬಿಡಿಸಿ ಮತ್ತೆ ಬೆಸುಗೆ ಹಾಕುತ್ತಾರೆ. ಅಲ್ಯೂಮಿನಿಯಂ ಆಗಿದ್ದರೆ ಹೊಸದೇ ಹಾಕಿಸಿ. ಕಾಸ್ಟಿಕ್ ಸೋಡಾದಲ್ಲಿ ತೊಳೆದುಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಸುಣ್ಣದ ಬದಲು ಲೋಹವನ್ನೇ ತಿನ್ನುತ್ತದೆ. ಅಲ್ಲಿಯವರೆಗೆ ಹೈವೇಯಲ್ಲಿ ಎಪ್ಪತ್ತರೊಳಗೆ, ಎಸಿ ಇಲ್ಲದೆ ಓಡಿಸಿ. ಮುಂದಿನ ಸುಗ್ಗಿ ಮುಗಿದ ಮೇಲೆ, ಫೆಬ್ರವರಿಯಲ್ಲಿ, ಆ ಸಂದಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಿ.