ಹೊಡೆದು ಬೆಳೆಸಿದ ಮಗು ಹೊರಗೆ ಗಟ್ಟಿಯಾಗಿರುತ್ತಾ? ಪೋಷಕರ ಸಭೆಗೆ ಉತ್ತರ ಬೇಕು

ಐದನೇ ತರಗತಿ ಟೀಚರ್
ಪೋಷಕರ ಸಭೆಯಲ್ಲಿ 20 ನಿಮಿಷ ಮಾತಾಡಬೇಕಿದೆ. "ಎರಡೇಟು ಬಿದ್ರೆ ಮಗು ಗಟ್ಟಿಯಾಗುತ್ತೆ" ಅನ್ನೋರೂ ಇದ್ದಾರೆ, ಮಗುವನ್ನ ಗೇಟಿನಾಚೆ ಒಂಟಿಯಾಗಿ ಬಿಡದವರೂ ಇದ್ದಾರೆ. ಯಾವ ಮನೆಯ ಮಕ್ಕಳಿಗೆ ಹೊರಗೆ ಕಾಟ ಜಾಸ್ತಿ, ಯಾಕೆ? ಅವತ್ತೇ ಮನೆಯಲ್ಲಿ ಶುರು ಮಾಡುವಂಥ ಸಲಹೆ ಕೊಡಿ.

ಆಪ್ತಸಲಹೆ
ಎರಡೂ ಕಡೆ ಅಪಾಯ ಇದೆ. ಸಹಪಾಠಿಗಳ ಕಾಟದ ಬಗ್ಗೆ 70 ಅಧ್ಯಯನಗಳನ್ನ ಒಟ್ಟಿಗೆ ಲೆಕ್ಕ ಹಾಕಿದ ವಿಶ್ಲೇಷಣೆ 2013ರಲ್ಲಿ ಬಂತು, ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಅದರಲ್ಲಿತ್ತು. ಹಿಂಸೆ, ಕಡೆಗಣನೆ ಇರುವ ಮನೆಯ ಮಕ್ಕಳೂ, ಅತಿ ಕಾವಲಿನಲ್ಲಿ ಬೆಳೆದವರೂ ಹೆಚ್ಚು ಕಾಟಕ್ಕೆ ಸಿಕ್ಕಿದ್ದು ಕಂಡಿತು. ಕಾಟ ತಿಂದು ತಾವೂ ಕಾಟ ಕೊಡುವ ಮಕ್ಕಳಲ್ಲಿ ಹಿಂಸೆಯ ನಂಟು ಇನ್ನೂ ಬಲವಾಗಿತ್ತು.

ಕಾರಣ ಸಣ್ಣ ಸಣ್ಣ ವಿಷಯದಲ್ಲಿದೆ. ಮಗುವಿನ ಜಾಮಿಟ್ರಿ ಬಾಕ್ಸ್ ಯಾರೋ ಕಿತ್ಕೊಂಡಿದ್ದಾರೆ. ಮನೆಗೆ ಬಂದ ತಕ್ಷಣ "ಎಲ್ಲಿ ಕಳ್ಕೊಂಡು ಬಂದೆ?" ಅಂತ ಏಟು. ಮುಂದಿನ ಸಲ ಮಗು ಬಾಯಿ ಬಿಡಲ್ಲ. ಕಾಟ ಕೊಡುವವನಿಗೆ ಬೇಕಾಗಿರೋದೂ ಅದೇ. ಇನ್ನು ಅತಿ ಕಾವಲಿನ ಮಗುವಿಗೆ ಜಗಳ, ರಾಜಿ, "ಬೇಡ" ಅನ್ನೋದು ಯಾವುದೂ ರೂಢಿಯಾಗಿರಲ್ಲ. ಪ್ರತಿ ಜಗಳಕ್ಕೂ ಅಪ್ಪನೋ ಅಮ್ಮನೋ ನಡುವೆ ಬಂದಿರ್ತಾರೆ.

ಮಕ್ಕಳ ರಕ್ಷಣೆ ಕೆಲಸ
ಅವತ್ತೇ ಮಾಡಬಹುದಾದದ್ದು: "ಇವತ್ತು ಸ್ಕೂಲು ಹೇಗಿತ್ತು?" ಅಂದ್ರೆ "ಚೆನ್ನಾಗಿತ್ತು" ಅಂತಷ್ಟೇ ಬರುತ್ತೆ. "ಊಟಕ್ಕೆ ಯಾರ ಪಕ್ಕ ಕೂತಿದ್ದೆ? ಬಸ್ಸಲ್ಲಿ?" ಅಂತ ಕೇಳಿ. ದಿನಾ ಹತ್ತು ನಿಮಿಷ, ಫೋನ್ ಬದಿಗಿಟ್ಟು. ವಸ್ತು ಕಳೆದಿದ್ರೆ ಮೊದಲು "ಏನಾಯ್ತು?", ಬುದ್ಧಿಮಾತು ಆಮೇಲೆ.

ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸ ಇದೆ: "ಮಾಮನಿಗೆ ಮುತ್ತು ಕೊಡು, ಇಲ್ಲಾಂದ್ರೆ ಬೇಜಾರ್ ಮಾಡ್ಕೋತಾರೆ". ದಯವಿಟ್ಟು ಇದನ್ನ ಬಿಡಿ. ದೊಡ್ಡವರು ಮುಟ್ಟಿದ್ರೆ ಬೇಡ ಅನ್ನಬಾರದು ಅಂತ ನಾವೇ ಕಲಿಸಿದ ಹಾಗಾಗುತ್ತೆ. ನಮಸ್ಕಾರ ಮಾಡಿದ್ರೆ ಸಾಕು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರೇ.

ಆಪ್ತಸಲಹೆ
ಟೀಚರ್, ಒಂದು ಎಚ್ಚರಿಕೆ. "ನಿಮ್ಮ ಬೆಳೆಸುವ ರೀತಿಯಿಂದಲೇ ಹೀಗಾಯ್ತು" ಅಂತ ಸಭೆಯಲ್ಲಿ ಹೇಳಬೇಡಿ. ಕಾಟ ತಿಂದ ಮಗುವನ್ನ ನೋಡಿ ಹೆದರಿ ಪೋಷಕರು ಕಾವಲು ಬಿಗಿ ಮಾಡೋದೂ ಉಂಟು. ತಪ್ಪು ಕಾಟ ಕೊಟ್ಟವರದ್ದೇ.

ಐದನೇ ತರಗತಿ ಟೀಚರ್
ಮುಟ್ಟಬಾರದ ಕಡೆ ಯಾರೋ ಮುಟ್ಟಿದ್ರು ಅಂತ ಹೇಳಿ, ಮಗು "ಯಾರಿಗೂ ಹೇಳ್ಬೇಡಿ" ಅಂದ್ರೆ?

ಮಕ್ಕಳ ರಕ್ಷಣೆ ಕೆಲಸ
ಗುಟ್ಟಾಗಿಡ್ತೀನಿ ಅಂತ ಮಾತು ಕೊಡಬೇಡಿ. "ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿನ್ನದಲ್ಲ, ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ" ಅನ್ನಿ. ಕೆದಕಿ ಕೆದಕಿ ಕೇಳಬೇಡಿ, ಮಗುವಿನ ಮಾತುಗಳನ್ನೇ ಬರೆದಿಡಿ. ಆರೋಪಿಯನ್ನ ಕರೆಸಿ ಎದುರುಬದುರು ಕೂರಿಸೋದು ದೊಡ್ಡ ತಪ್ಪು, ಮಗು ಹೇಳಿದ್ದನ್ನ ಅಲ್ಲೇ ಹಿಂತೆಗೆದುಕೊಳ್ಳುತ್ತೆ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯೊಳಗೇ ರಾಜಿ ಮಾಡಿ ಮುಗಿಸುವ ಹಾಗಿಲ್ಲ. ದಾರಿ ತೋಚದಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೇಳಿಕೆಯನ್ನ ಮಗುವಿನ ಮನೆಯಲ್ಲೇ ತಗೊಳ್ಳಬಹುದು, ಆಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಇದನ್ನ ಪೋಷಕರಿಗೆ ಬಿಡಿಸಿ ಹೇಳಿ, ಠಾಣೆಯ ಹೆದರಿಕೆಗೇ ಎಷ್ಟೋ ಮನೆಗಳು ಸುಮ್ಮನಾಗಿಬಿಡ್ತವೆ.