ಅಪ್‌ಡೇಟ್: ದೇವರಕಾಡಿನ ಲಂಟಾನ ತೆರವಿಗೆ ಮೊಬೈಲ್ ನಕ್ಷೆ

ಕೊಡಗಿನ ತಿತಿಮತಿ ಸಮೀಪದ ನಮ್ಮೂರ ದೇವರಕಾಡಿನಲ್ಲಿ ಲಂಟಾನವೆಂಬ ಕಳೆಪೊದೆ ತೆಗೆದ ಜಾಗಗಳನ್ನು ನೆಟ್‌ವರ್ಕ್ ಇಲ್ಲದೆಯೂ ಮೊಬೈಲಿನಲ್ಲಿ ಗುರುತಿಸಿಡುವುದು ಹೇಗೆಂದು ಮಳೆಗಾಲಕ್ಕೆ ಮುನ್ನ ಕೇಳಿದ್ದೆ. ದೇವಸ್ಥಾನ ಸಮಿತಿ ಹಾಗೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಹಲವರು ಸೂಚಿಸಿದ, ಸ್ಥಳದಲ್ಲೇ ನಕ್ಷೆಗೆ ಮಾಹಿತಿ ಸೇರಿಸಬಹುದಾದ ಕ್ಯೂಫೀಲ್ಡ್ ಆ್ಯಪನ್ನೇ ಬಳಸಿದೆವು. ಮನೆಯಲ್ಲೇ ಕ್ಯೂಜಿಐಎಸ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ನಕ್ಷೆ ಸಿದ್ಧಪಡಿಸಿ ಫೋನಿಗೆ ಹಾಕಿಕೊಂಡಿದ್ದರಿಂದ ಕಾಡಿನೊಳಗೆ ಸಿಗ್ನಲ್ ಬೇಕಾಗಲಿಲ್ಲ.

ತೊಂದರೆಯಾದದ್ದು ಜಿಪಿಎಸ್‌ನಿಂದ. ದಟ್ಟ ಮರಗಳಡಿ, ಅದರಲ್ಲೂ ಎಲೆಗಳು ಒದ್ದೆಯಾಗಿರುವಾಗ, ಗುರುತು 10–15 ಮೀಟರ್ ಸರಿಯುತ್ತಿತ್ತು. ತೋಡಿನ ಈಚೆ ಕಿತ್ತ ಪೊದೆ ಒಮ್ಮೆ ನಕ್ಷೆಯಲ್ಲಿ ಆಚೆ ದಡದಲ್ಲಿ ಕಾಣಿಸಿತು. ಆದ್ದರಿಂದ ಬಿಡಿ ಬಿಂದುಗಳನ್ನು ಕೈಬಿಟ್ಟು, ಪ್ರತಿ ತುಂಡು ಜಾಗದ ಸುತ್ತ ನಡೆದು ಗಡಿ ಎಳೆದು, ದಿನಾಂಕ, ತೆಗೆದ ವಿಧಾನ ಮತ್ತು ಒಂದು ಫೋಟೊ ಸೇರಿಸತೊಡಗಿದೆವು.

ಇವುಗಳಲ್ಲಿ ವಿಧಾನದ ಕಾಲಂ ಅತ್ಯಂತ ಉಪಯುಕ್ತವಾಯಿತೆಂದು ನನ್ನ ಅಭಿಪ್ರಾಯ. ಕತ್ತಿಯಿಂದ ಕಡಿದಷ್ಟೇ ಬಿಟ್ಟ ಕಡೆ ಪ್ರತಿ ಬುಡದಿಂದಲೂ ಚಿಗುರುಗಳು ಎದ್ದಿವೆ. ಬುಡವನ್ನು ನೆಲದೊಳಗೆ, ಬೇರು ಕವಲೊಡೆಯುವಲ್ಲಿ ಗುದ್ದಲಿಯಿಂದ ಕಡಿದು, ತಲೆಕೆಳಗಾಗಿ ಒಣಗಲು ಬಿಟ್ಟ ಕಡೆ ಹಾಗಾಗಿಲ್ಲ. ಆದರೂ ಸುಗ್ಗಿ ಹಬ್ಬವಾದ ಹುತ್ತರಿ ಕಳೆದ ಮೇಲೆ ಹೋದಾಗ, ಪಿಕಳಾರ ಹಕ್ಕಿಗಳು ಕೂರುವ ಅತ್ತಿಮರದ ಕೆಳಗೆ ಬೆರಳುದ್ದದ ಸಸಿಗಳು ಒತ್ತಾಗಿ ಹುಟ್ಟಿದ್ದವು. ಎಲೆ ಉಜ್ಜಿದರೆ ಲಂಟಾನದ್ದೇ ಘಾಟು. ಹಕ್ಕಿಗಳು ಉದುರಿಸಿದ ಬೀಜಕ್ಕೆ ಗುದ್ದಲಿಯಿಂದ ಪರಿಹಾರವಿಲ್ಲವಾದ್ದರಿಂದ ಅವನ್ನು ಕೈಯಿಂದಲೇ ಕಿತ್ತು, ಆ ತುಂಡಿಗೆ ನಕ್ಷೆಯಲ್ಲಿ ಕೆಂಪು ಬಣ್ಣ ಕೊಟ್ಟಿದ್ದೇವೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ನಂತರ ಮೊದಲು ನೋಡಬೇಕಾದ ಜಾಗ ಅದೇ.