ಸಹಾಯ ಬೇಕು: ಕರ್ನಾಟಕದಲ್ಲಿ ಭಾಂಗ್ ಇಟ್ಟುಕೊಂಡರೆ ಕೇಸ್ ಆಗುತ್ತದಾ?

ವಕೀಲರು, ಅಬಕಾರಿ ವಿಷಯ ತಿಳಿದವರು ಇದ್ದರೆ ದಯವಿಟ್ಟು ಉತ್ತರಿಸಿ. ಹೋಳಿ ಹಬ್ಬಕ್ಕೆ ವಾರಾಣಸಿಯಿಂದ ಭಾಂಗ್ ಉಂಡೆ ತರಿಸೋಣ ಅಂತ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಹುಡುಗರು ಹೊರಟಿದ್ದಾರೆ. ಅಲ್ಲಿ ಸರ್ಕಾರಿ ಲೈಸೆನ್ಸ್ ಇರುವ ಅಂಗಡಿಯಲ್ಲೇ ಸಿಗುತ್ತದೆ, ಇಲ್ಲೂ ಏನೂ ಆಗಲ್ಲ ಅನ್ನುವುದು ಅವರ ವಾದ. ನನಗಂತೂ ಭಯ.

ನಾನು ಓದಿಕೊಂಡಿದ್ದು ಇಷ್ಟು. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಡುವ ತುದಿಗಳು. ತುದಿ ಜೊತೆಗಿಲ್ಲದಿದ್ದರೆ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಭಾಂಗ್ ಮಾಡುವುದು ಎಲೆಯಿಂದ. 2022ರಲ್ಲಿ 29 ಕೆಜಿ ಭಾಂಗ್ ಸಿಕ್ಕ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ಆರೋಪಿಗೆ ಜಾಮೀನು ಕೊಟ್ಟಿತು. ಭಾಂಗ್ ಆ ಕಾಯ್ದೆಯಲ್ಲಿ ನಿಷೇಧಿತ ವಸ್ತುವಲ್ಲ ಎಂದೂ ಹೇಳಿತು. ಆದರೆ ಅದು ಜಾಮೀನು ಆದೇಶ ಅಷ್ಟೇ, ತರಲು ಕೊಟ್ಟ ಒಪ್ಪಿಗೆ ಅಲ್ಲ, ಅಲ್ವಾ?

1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತರುವುದು ಅಪರಾಧವೇ? ಉಂಡೆಯಲ್ಲಿ ಒಂದು ಚೂರು ಹೂ ಸಿಕ್ಕರೂ ಗಾಂಜಾ ಕೇಸ್ ಆಗುತ್ತದಾ? ಲ್ಯಾಬ್ ವರದಿ ಬರುವವರೆಗೆ ಹುಡುಗರ ಗತಿ ಏನು? ಇವರಲ್ಲಿ ಇಬ್ಬರು ವೀಸಾಗೆ ಅರ್ಜಿ ಹಾಕಿದ್ದಾರೆ.

ಸುಮ್ನೆ ‘ಯಾರೂ ಹಿಡಿಯಲ್ಲ’ ಅನ್ನಬೇಡಿ. ಸೆಕ್ಷನ್ ನಂಬರ್ ಸಮೇತ ಹೇಳಿದರೆ ಅವರಿಗೆ ತೋರಿಸುತ್ತೇನೆ.